ಹತ್ತಡಿ ನಾಲ್ಕಿಂಚು

ಏಣಿ ಕಾಲು ಚಾಚಿ ಮಲಗಿದರೆ ಆ ಮನೆಯ ಅಡುಗೆಕೋಣೆಯ ಬಾಗಿಲು ಹಾಕಲು ಬರುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಚಾಪೆ ಹಾಸಿದರೂ ಅವಳ ಪಾದಗಳೆರಡೂ ಹೊಸ್ತಿಲು ದಾಟಿ ಒಲೆಯ ಪಕ್ಕಕ್ಕೆ ಹೋಗಿ ಬೀಳುತ್ತಿದ್ದವು. ಬೆಳಗ್ಗೆ ಐದೂವರೆಗೆ ಕಂಪನಿಯ ನಲ್ಲಿಯಲ್ಲಿ ನೀರು ಬಿಡುತ್ತಿದ್ದರು. ಆರು ತಿಂಗಳ ಬಸುರಿ ಅತ್ತಿಗೆ ಕೊಡ ಹಿಡಿದು ಬಂದು ಆ ಪಾದಗಳ ಮುಂದೆ ನಿಲ್ಲುತ್ತಿದ್ದಳು.

“ಗೇಟು ತೆಗೀರಿ ತಾಯಿ, ಲಾರಿ ಬಂದಿದೆ.”

“ಲೋಡ್ ಎಷ್ಟಿದೆ?” ಏಣಿ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದಳು.

“ನಿಮ್ಮಣ್ಣನ್ನ ಕೇಳು, ತುಂಬಿಸಿದೋನು ಅವನು.”

ಆಮೇಲೆ ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಆ ಮನೆಯಲ್ಲಿ ದಿನದ ನಗು ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತಿತ್ತು.

ಐದು ಜನ, ಎರಡು ಕೋಣೆ. ಎರಡಂತಸ್ತಿನ ಸಾಲುಮನೆಗಳಲ್ಲಿ ಕೆಳಗಿನ ಮನೆ. ಮನೆ ಅವರದಲ್ಲ, ನೂಲಿನ ಮಿಲ್ಲಿನದು. ಬಾಗಿಲು, ಕಿಟಕಿ, ನಲ್ಲಿಯ ತಿರುಪು, ಕೊನೆಗೆ ಬಟ್ಟೆ ಒಣಹಾಕುವ ತಂತಿಯ ಗೂಟದ ಮೇಲೂ ಕಂಪನಿಯ ನಂಬರು. ಬೇರೆಯವರು ಕನ್ನಡಿ ತೂಗುಹಾಕುವ ಜಾಗದಲ್ಲಿ ಇವರ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಒಂದು ಕಾಗದ ಇತ್ತು. ಅಮ್ಮ ಅದನ್ನು ದಿನವೂ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಅವಳಿಗೆ ಓದು ಬಾರದು. ಆದರೂ ಅದರ ನಡುವಿನ ಸಾಲು ಬಾಯಿಪಾಠವಾಗಿತ್ತು: ‘ಸದರಿ ಕಾರ್ಮಿಕಳು ಕಂಪನಿಯ ತಂಡದ ಪರವಾಗಿ ಆಡುತ್ತಿರುವವರೆಗೆ ಮಾತ್ರ ಈ ವಸತಿ.’

ಮೂರು ಸಾವಿರ ಜನರಿಂದ ಕಂಪನಿ ಕೈಗಳನ್ನು ಕೇಳಿತ್ತು. ಇವಳೊಬ್ಬಳಿಂದ ಕಾಲನ್ನೂ ಕೇಳಿತ್ತು. ಹಗಲು ಗೋದಾಮಿನಲ್ಲಿ ಎಂಟು ಗಂಟೆ ನೂಲು ಸುತ್ತಿದ ಕೋನುಗಳನ್ನು ಮೇಲಿನ ಗೂಡಿಗೆ ಎಸೆಯಬೇಕು, ಸಂಜೆ ಕಂಪನಿಯ ಅಂಗಳದಲ್ಲಿ ಎರಡು ಗಂಟೆ ಬ್ಯಾಸ್ಕೆಟ್‌ಬಾಲ್ ಆಡಬೇಕು. ಮನೆಗೆ ಬಂದ ಕೂಡಲೇ ಅಮ್ಮ ಎಣ್ಣೆ ಬೆಚ್ಚಗೆ ಮಾಡಿ ಅವಳ ಮೊಣಕಾಲು ತಿಕ್ಕುತ್ತಿದ್ದಳು. ಆ ತಿಕ್ಕುವ ಬಗೆ ನೋಡಿದರೆ ಮಗಳ ಕಾಲು ತಿಕ್ಕುತ್ತಿದ್ದಾಳೋ ಮನೆಯ ಕಂಬ ತಿಕ್ಕುತ್ತಿದ್ದಾಳೋ ತಿಳಿಯುತ್ತಿರಲಿಲ್ಲ.

ಅವಳು ಆಟಕ್ಕೆ ಬಂದ ದಾರಿಯೇ ಬೇರೆ. ಶಾಲೆಯ ತಂಡವಿಲ್ಲ, ಬೂಟಿಲ್ಲ, ಕಲಿಸಿದವರಿಲ್ಲ. ಹನ್ನೆರಡಕ್ಕೇ ಅಪ್ಪನ ಭುಜ ದಾಟಿ ಬೆಳೆದ ಹುಡುಗಿಯನ್ನು ಬೀದಿಯ ಮಕ್ಕಳು ಯಾವ ಆಟಕ್ಕೂ ಸೇರಿಸಿಕೊಳ್ಳಲಿಲ್ಲ. ಕಣ್ಣಾಮುಚ್ಚಾಲೆಗೆ ಕರೆದರೆ ಅವಿತುಕೊಳ್ಳಲು ಅವಳಳತೆಯ ಜಾಗ ಎಲ್ಲೂ ಇರಲಿಲ್ಲ. ಅಪ್ಪ ಆಗ ಮಿಲ್ಲಿನ ಬಡಗಿ, ನೂಲು ತುಂಬುವ ಪೆಟ್ಟಿಗೆ ಹೊಡೆಯುವ ಕೆಲಸ. ಆಫೀಸರ ಮಕ್ಕಳ ಅಂಗಳದಲ್ಲಿ ರಿಂಗ್ ನೋಡಿ ಬಂದ. ಗುಜರಿ ಅಂಗಡಿಯಲ್ಲಿ ಡ್ರಮ್ಮಿನ ಬಾಯಿಯ ಕಬ್ಬಿಣದ ಬಳೆ ಕೊಂಡ, ಮನೆಯಲ್ಲಿದ್ದ ಒಂದೇ ಮಂಚ ಬಿಚ್ಚಿ ಅದರ ಹಲಗೆಯಿಂದ ಬೋರ್ಡು ಮಾಡಿದ, ಹಿಂದಿನ ಗೋಡೆಗೆ ನಾಲ್ಕು ಬೋಲ್ಟು ಹಾಕಿ ಬಿಗಿದ. ಅಂದಿನಿಂದ ಗಂಡ ಹೆಂಡತಿ ನೆಲದ ಮೇಲೆ ಮಲಗಿದರು, ಮಗಳು ಗೋಡೆಯ ಜೊತೆ ಆಡಿದಳು.

ಹದಿನೆಂಟಕ್ಕೆ, ಅಪ್ಪನ ನಿವೃತ್ತಿಯ ವರ್ಷವೇ, ಗೋದಾಮಿಗೆ ಸೇರಿದಳು. ಬೇರೆಯವರು ಏಣಿ ಹತ್ತಿ ಇಡುವ ಕೋನನ್ನು ಇವಳು ನಿಂತಲ್ಲಿಂದಲೇ ಎಸೆದು ಕೂರಿಸುತ್ತಿದ್ದಳು. ಏಣಿ ಎಂಬ ಹೆಸರು ಹಾಗೆ ಬಂತು. ಮಿಲ್ಲಿನ ತಂಡದವರು ಕರೆದೊಯ್ದು ಚೆಂಡು ಕೊಟ್ಟರೆ ಮೊದಲ ದಿನ ಅವಳೆಸೆದ ಚೆಂಡೆಲ್ಲ ಬುಟ್ಟಿ ದಾಟಿ ಹೋಯಿತು. ಎರಡನೆಯ ದಿನ ಅವಳು ಒಂದು ಹೆಜ್ಜೆ ಹಿಂದೆ ನಿಂತಳು, ಅಷ್ಟೆ. ಚೆಂಡು ಎಲ್ಲರ ಕೈಗಳ ಮೇಲಿಂದ ಆಕಾಶಕ್ಕೆ ಹೋಗಿ, ಬಾವಿಗೆ ಬಿದ್ದ ಕೊಡದ ಹಾಗೆ ನೆಟ್ಟಗೆ ಬುಟ್ಟಿಗಿಳಿಯಿತು. ತಡೆಯುವವರು ಯಾರೂ ಹುಟ್ಟಲಿಲ್ಲ. ಅಪ್ಪ ಖಾಲಿ ಮಾಡಬೇಕಿದ್ದ ಕ್ವಾರ್ಟರ್ಸು ಮಗಳ ಹೆಸರಿಗೆ ಬಂತು. ಆ ಮನೆಯನ್ನು ನೋಡಿಯೇ ಅಣ್ಣನಿಗೆ ಹೆಣ್ಣು ಕೊಟ್ಟರು.

ಹೀಗೆ ಆರು ವರ್ಷ ಕಳೆದ ಮೇಲೆ ಒಂದು ಭಾನುವಾರ ಕೋಚಮ್ಮ ಬಂದಳು.

ಕತ್ತಿನಲ್ಲಿ ಸೀಟಿ, ಕಾಲಲ್ಲಿ ಗಂಡಸರ ಬೂಟು, ಐವತ್ತು ದಾಟಿದ ದಪ್ಪ ಹೆಂಗಸು. ಟಿಕೆಟ್ ಕೊಂಡು ಜನ ನೋಡುವ ಲೀಗಿನ ಒಂದು ಕ್ಲಬ್ಬಿಗೆ ಆಟ ಕಲಿಸುವವಳು. ಬಂದರಿನವರ ತಂಡದ ಮೇಲೆ ಏಣಿ ಆಡಿದ್ದನ್ನು ಕಂಡಿದ್ದಳಂತೆ. ಟ್ರಂಕಿನ ಮೇಲೆ ಕೂತು ಚಹಾ ಕುಡಿದು, “ಎಲ್ಲಿ ಕಲಿತೆ ಆ ಎಸೆತ?” ಎಂದಳು. ಏಣಿ ಹಿತ್ತಿಲಿಗೆ ಕರೆದೊಯ್ದಳು. ಕೋಚಮ್ಮ ರಿಂಗಿನ ಕೆಳಗೆ ನಿಂತು ಕತ್ತೆತ್ತಿ ನೋಡಿ, ಹುಬ್ಬು ಗಂಟಿಕ್ಕಿ, “ಒಂದು ಟೇಪು ಇದ್ಯಾ?” ಎಂದಳು.

ಬಡಗಿಯ ಮನೆಯಲ್ಲಿ ಟೇಪು ಇಲ್ಲದಿರುತ್ತದೆಯೇ. ಅಪ್ಪ ತಾನೇ ತಂದ. ಕೋಚಮ್ಮ ಸ್ಟೂಲು ಹತ್ತಿದಳು, ಏಣಿ ಕೆಳತುದಿ ಹಿಡಿದಳು.

“ಹತ್ತಡಿ ನಾಲ್ಕಿಂಚು. ಹತ್ತೇ ಅಡಿ ಇರ್ಬೇಕು.”

“ಇನ್ನೊಂದ್ಸಲ ನೋಡಿ ಮೇಡಂ. ಮೂವತ್ತು ವರ್ಷ ಅಳೆದಿರೋ ಕೈ ಇದು,” ಎಂದ ಅಪ್ಪ.

“ಎರಡು ಸಲ ನೋಡಿದೆ ಯಜಮಾನ್ರೇ. ನಾಲ್ಕಿಂಚು ಜಾಸ್ತಿ. ಇವಳ ಚೆಂಡು ಯಾಕೆ ಆಕಾಶದಿಂದ ಬೀಳುತ್ತೆ ಅಂತ ಈಗ ಗೊತ್ತಾಯ್ತು.”

ಬಾಗಿಲಲ್ಲಿ ನಿಂತಿದ್ದ ಅಮ್ಮ ಸುಮ್ಮನಿರಬಹುದಿತ್ತು. “ನಿಮ್ಮ ಹಳೇ ಟೇಪಿಂದು ಮೊದಲ್ನೇ ನಾಲ್ಕಿಂಚು ಮುರಿದುಹೋಗಿತ್ತಲ್ಲ. ಯಾವಾಗ್ಲೂ ನಾಲ್ಕು ಸೇರಿಸಿ ಅಳೀತಿದ್ರಿ. ಈ ರಿಂಗ್ ಹಾಕೋ ವಾರನೇ ಹೊಸಾ ಟೇಪು ತಂದ್ರಿ. ಅದಕ್ಕೂ ನಾಲ್ಕು ಸೇರಿಸಿರ್ತೀರಿ, ಕೈ ಅಭ್ಯಾಸಕ್ಕೆ.”

“ನೀನು ತರಕಾರಿ ಹೆಚ್ಚು, ಹೋಗು. ಟೇಪಿನ ವಿಷಯ ನಂಗೆ ಹೇಳೋಕೆ ಬರ್ಬೇಡ. ನೆಲ ಕುಸಿದಿದೆ.”

“ಹನ್ನೊಂದು ವರ್ಷಕ್ಕೆ ಸರಿಯಾಗಿ ನಾಲ್ಕಿಂಚು ಕುಸೀತಾ ನೆಲ?” ಎಂದು ಅಣ್ಣ ನಕ್ಕ.

ಅಪ್ಪ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು ಒಳಗೆ ಹೋದ. ಕೋಚಮ್ಮ ಹೊರಡುವವರೆಗೂ ಹೊರಗೆ ಬರಲಿಲ್ಲ. ಹೊರಡುವಾಗ ಅವಳು ಏಣಿಗೆ ಹೇಳಿದ್ದಿಷ್ಟು: ಒಂದು ಸೀಸನ್ನಿಗೆ ಕರಾರು, ಕ್ಲಬ್ಬಿನ ಹಾಸ್ಟೆಲಿನಲ್ಲಿ ವಸತಿ, ಗೋದಾಮಿನ ಸಂಬಳದ ಎರಡರಷ್ಟು. ಬರುವ ತಿಂಗಳ ಒಂದನೇ ತಾರೀಕಿಗೆ ಬಂದು ಸೇರಬೇಕು, ಮಿಲ್ಲಿನಿಂದ ಬಿಡುಗಡೆ ಪತ್ರ ತರಬೇಕು.

ಸೋಮವಾರ ಊಟದ ಬಿಡುವಿನಲ್ಲಿ ಏಣಿ ಲೇಬರ್ ಆಫೀಸರ ಕೋಣೆಗೆ ಹೋದಳು. ಆಫೀಸರು ಸಿಡುಕಲಿಲ್ಲ. ಅವರು ಎಂದೂ ಸಿಡುಕಿದವರಲ್ಲ, ಕುರ್ಚಿ ಎಳೆದುಕೊಟ್ಟು ಕುತ್ತಿಗೆ ಕೊಯ್ಯುವ ಜಾತಿ.

“ಸಂತೋಷ ಕಣಮ್ಮ. ನಮ್ಮ ಹುಡುಗಿ ದೊಡ್ಡ ಲೀಗಲ್ಲಿ ಆಡ್ತಾಳೆ ಅಂದ್ರೆ ನಮಗೇ ಹೆಮ್ಮೆ. ಪತ್ರ ಇವತ್ತು ಕೇಳಿದ್ರೆ ಇವತ್ತೇ ಕೊಡ್ತೀನಿ. ಪತ್ರ ತಗೊಂಡ ಹದಿನೈದು ದಿನಕ್ಕೆ ಮನೆ ಕೀ ಕೊಟ್ಟುಬಿಡು.”

“ಸಾರ್, ಅತ್ತಿಗೆ ಬಸುರಿ. ಹೆರಿಗೆ ಆಗೋವರೆಗಾದ್ರೂ...”

“ಕಾಗದದಲ್ಲಿ ಹೆರಿಗೆ ಬಗ್ಗೆ ಏನೂ ಇಲ್ವಲ್ಲಮ್ಮ. ಚೌಕಟ್ಟು ಹಾಕಿಸಿ ಇಟ್ಕೊಂಡಿದ್ದೀರಿ, ಒಮ್ಮೆ ಓದಿ ನೋಡಿ.”

ಅಂದು ರಾತ್ರಿಯೂಟಕ್ಕೆ ಬೇಳೆ, ಅನ್ನ, ಕ್ಯಾಂಟೀನಿನಲ್ಲಿ ಉಳಿದದ್ದೆಂದು ಅಮ್ಮ ತಂದ ಆಲೂಗಡ್ಡೆ. ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವುದೇ ಅವಳ ಕೆಲಸ. ಏಣಿ ವಿಷಯ ಹೇಳಿ ಮುಗಿಸುವಷ್ಟರಲ್ಲಿ ಅಣ್ಣ ತಟ್ಟೆ ಸರಿಸಿದ.

“ಹದಿನೈದು ದಿನ. ಹದಿನಾರನೇ ದಿನ ಈ ಬಸುರೀನ ಎಲ್ಲಿ ಮಲಗಿಸ್ಲಿ? ವ್ಯಾನಲ್ಲಾ?” ಅಣ್ಣ ಕಂಪನಿಯ ವ್ಯಾನು ಓಡಿಸುತ್ತಿದ್ದ, ಗುತ್ತಿಗೆಯ ಮೇಲೆ.

“ಬಾಡಿಗೆಗೆ ಹಿಡಿಯೋಣ. ಎರಡರಷ್ಟು ಸಂಬಳ ಕೊಡ್ತಾರಂತೆ. ಮನೆಗೆ ಕಳಿಸ್ತೀನಿ.”

“ಒಂದು ಸೀಸನ್ನು. ಆಮೇಲೆ?”

“ಆಮೇಲಿಂದು ಆಮೇಲೆ.”

“ನೋಡಿದ್ಯಾ ಅಮ್ಮ, ಹೇಗೆ ಹೇಳ್ತಾಳೆ. ಎಸೆದ ಚೆಂಡೆಲ್ಲಾ ಬುಟ್ಟಿಗೆ ಬಿದ್ದು ಬಿದ್ದು ಇವಳಿಗೆ ಹೊರಗೆ ಬೀಳೋದೂ ಉಂಟು ಅನ್ನೋದೇ ಮರೆತುಹೋಗಿದೆ.”

“ಅನ್ನದ ಮುಂದೆ ಕೂಗಾಡ್ಬೇಡ,” ಎಂದಳು ಅಮ್ಮ. “ಇಷ್ಟು ವರ್ಷ ಆಡಿದ್ದೂ ಆಟನೇ ತಾನೆ. ಇಲ್ಲೇ ಆಡ್ಲಿ. ಚೆಂಡಿಗೇನು ಗೊತ್ತು ಯಾವ ಊರು ಅಂತ.”

“ಚೆಂಡಿಗೆ ಗೊತ್ತಿಲ್ಲಮ್ಮ. ನಂಗೆ ಗೊತ್ತು.”

ಅಪ್ಪ ತಟ್ಟೆಯಂಚಿನ ಅನ್ನವನ್ನು ಒಟ್ಟುಮಾಡುತ್ತಿದ್ದ. ಟೇಪಿನ ಸಂಗತಿ ಆದ ಮೇಲೆ ಅವನ ಬಾಯಿಗೆ ಬೀಗ ಬಿದ್ದಿತ್ತು. ಮೂವತ್ತು ವರ್ಷದ ಕೆಲಸದಲ್ಲಿ ಅವನ ಪೆಟ್ಟಿಗೆ ಒಂದೂ ಅಳತೆ ತಪ್ಪಿ ವಾಪಸು ಬಂದಿರಲಿಲ್ಲ. ತನ್ನ ಮನೆಗೆಂದು ಮಾಡಿದ ಒಂದೇ ಒಂದು ಕೆಲಸ ಹೀಗೆ ಹೊರಗಿನವರ ಮುಂದೆ ನಗೆಪಾಟಲಾಯಿತಲ್ಲ ಎಂದು ಬೇಯುತ್ತಿದ್ದ. ಎರಡು ದಿನ ಬಿಟ್ಟು ಬೆಳಗ್ಗೆ, ಬೆಳಕು ಹರಿಯುವ ಹೊತ್ತಿಗೆ, ಏಣಿ ಹಿತ್ತಿಲ ಬಾಗಿಲು ತೆಗೆದಾಗ ಅವನು ಸ್ಟೂಲಿನ ಮೇಲೆ ನಿಂತು ಟೇಪು ಇಳಿಬಿಟ್ಟಿದ್ದ. ಕೆಳತುದಿಯನ್ನು ಒಂದು ಇಟ್ಟಿಗೆಯಡಿ ಒತ್ತಿಟ್ಟಿದ್ದ. ಓದಿದ. ಕನ್ನಡಕ ಒರೆಸಿ ಮತ್ತೆ ಓದಿದ. ಮಗಳನ್ನು ಕಂಡು, “ಬೋಲ್ಟು ಸಡಿಲ ಆಗಿದ್ಯಾ ನೋಡ್ತಿದ್ದೆ,” ಎಂದ.

“ಆಗಿದ್ಯಾ ಅಪ್ಪ?”

“ಇಲ್ಲ. ಗಟ್ಟಿಯಾಗೇ ಇದೆ.”

ಆ ವಾರ ಕಳೆಯಿತು. ಮುಂದಿನ ವಾರದ ಬುಧವಾರ ಗೋದಾಮಿನ ನೋಟಿಸ್ ಬೋರ್ಡಿನಲ್ಲಿ ಮಿಲ್ಲುಗಳ ಪಂದ್ಯಾವಳಿಯ ಪಟ್ಟಿ ಹಚ್ಚಿದ್ದರು. ಮೊದಲ ಹೆಸರೇ ಇವಳದು. ವಿಚಾರಿಸಿದರೆ ಗುಮಾಸ್ತ, “ನಿಮ್ಮಣ್ಣ ಬಂದು ಹೇಳಿಹೋದ್ನಲ್ಲ, ನೀನು ಎಲ್ಲೂ ಹೋಗಲ್ಲ ಅಂತ,” ಎಂದ.

ಅಣ್ಣ ಮನೆಗೆ ಬಂದು ಚಪ್ಪಲಿ ಬಿಡುವುದಕ್ಕೂ ಬಿಡದೆ ಅವಳು ಕೇಳಿದಳು.

“ಹೌದು, ಹೇಳ್ದೆ,” ಎಂದ ಅವನು. “ಮೂರು ವರ್ಷದಿಂದ ಗುತ್ತಿಗೆ ಮೇಲೆ ಸ್ಟಿಯರಿಂಗ್ ತಿರುಗಿಸ್ತಿದ್ದೀನಿ. ತಂಗಿ ಆಡ್ತಿದ್ರೆ ಖಾಯಂ ಮಾಡ್ತೀವಿ ಅಂದ್ರು. ಯಾರು ಬಿಡ್ತಾರೆ?”

“ನನ್ನ ಕೇಳ್ಬೇಕು ಅನ್ನಿಸಲಿಲ್ವಾ?”

“ನಿನ್ನ ಕೇಳೋಕೆ ನಂಗೆ ಕತ್ತು ನೋಯುತ್ತೆ ಕಣೆ. ಈ ಮನೇಲಿ ಎಲ್ಲದಕ್ಕೂ ನಿನ್ನನ್ನೇ ಕತ್ತೆತ್ತಿ ನೋಡ್ಬೇಕು. ಮನೆ ನಿಂದು. ಅಪ್ಪನ ಮಂಚ ನಿಂದು. ನನ್ನ ಮದುವೆ ಕೂಡ ನಿನ್ನ ಕಾಗದ ತೋರಿಸಿ ಆಗಿದ್ದು. ಒಂದೇ ಒಂದು ಸಲ ನಂಗೆ ಅಂತ ಏನೋ ಸಿಗ್ತಿತ್ತು.”

ಅವನು ಹೇಳಿದ್ದರಲ್ಲಿ ಸುಳ್ಳು ಯಾವುದೆಂದು ಹುಡುಕಿದರೆ ಸಿಗುವಂತಿರಲಿಲ್ಲ.

ಮರುದಿನ ಬಟ್ಟೆ ಒಣಹಾಕುವಾಗ ಅತ್ತಿಗೆ ತಾನಾಗಿಯೇ ಮಾತು ತೆಗೆದಳು. ತಂತಿ ಎತ್ತರದಲ್ಲಿತ್ತು, ಅವಳು ಹಿಂಡಿ ಕೊಡುತ್ತಿದ್ದಳು, ಏಣಿ ಹರಡುತ್ತಿದ್ದಳು.

“ನಾನು ಒಳ್ಳೇವಳ ಥರ ನಾಟಕ ಮಾಡಲ್ಲ. ನೀನು ಹೋಗ್ಬೇಡ ಅಂತಾನೇ ನಂಗೂ ಇದೆ.”

“ಅತ್ತಿಗೆ...”

“ಪೂರ್ತಿ ಕೇಳು. ತವರಲ್ಲಿ ಹೆರಿಗೆ ಮಾಡಿಸೋಕೆ ಯಾರಿದಾರೆ ನಂಗೆ? ಈ ನಲ್ಲಿ, ಈ ಬಾಗಿಲು, ಇಷ್ಟೇ. ಮೂರು ತಿಂಗಳು ತಡಿ ಅಂದ್ರೆ ನಿಂಗೆ ಆಗಲ್ಲ. ಹೋಗು ಅಂದ್ರೆ ನಂಗೆ ಆಗಲ್ಲ. ಏನು ಮಾಡ್ತೀಯಾ?”

“ಗೊತ್ತಿಲ್ಲ.”

“ನಂಗೂ ಗೊತ್ತಿಲ್ಲ. ಈ ಲಂಗ ಹಿಡಿ, ನೆಲಕ್ಕೆ ತಾಗ್ತಿದೆ.”

ಶನಿವಾರ ಪಂದ್ಯಾವಳಿಯ ಮೊದಲ ಆಟ. ಗುರುವಾರದಿಂದಲೇ ಅವಳ ಬಲಮೊಣಕಾಲು ಬಾತು ಹಂಡೆಯಂತಾಗಿತ್ತು. ಎಣ್ಣೆಗೆ ಜಗ್ಗಲಿಲ್ಲ. ಕಂಪನಿಯ ಡಾಕ್ಟರು ಆಟಕ್ಕೆ ಅರ್ಧ ಗಂಟೆ ಮುಂಚೆ ಸೂಜಿ ಚುಚ್ಚಿ, “ಓಡಾಡು,” ಎಂದರು. ಓಡಾಡಿದಳು. ಕಾಲು ತನ್ನದಲ್ಲವೆಂಬಂತೆ ಹಗುರಾಗಿತ್ತು. ಮೂವತ್ತೊಂದು ಅಂಕ ತಂದಳು. ಮಿಲ್ಲು ಗೆದ್ದಿತು. ಆಟ ಮುಗಿದು ಗೋಡೆಯ ಈಚೆ ನೀರು ಕುಡಿಯುತ್ತಿದ್ದಾಗ ಆಚೆ ಆಫೀಸರ ದನಿ ಕೇಳಿಸಿತು.

“ಇನ್ನು ಎಷ್ಟು ದಿನ ಎಳೀಬಹುದು ಡಾಕ್ಟ್ರೇ?”

“ಹೀಗೇ ಎರಡು ಕಡೆ ದುಡಿಸಿದ್ರೆ ಒಂದು ವರ್ಷ. ಜಾಸ್ತಿ ಅಂದ್ರೆ ಒಂದೂವರೆ.”

“ಸಾಕು. ಅಷ್ಟ್ರಲ್ಲಿ ಬೇರೆ ಹುಡುಗಿ ನೋಡೋಣ.”

ಹಳೆಯ ಮೋಟಾರಿನ ಬೇರಿಂಗ್ ಬಗ್ಗೆ ಮಾತಾಡುವವರ ದನಿ ಇದಕ್ಕಿಂತ ಮೆದುವಾಗಿರುತ್ತದೆ, ಯಾಕೆಂದರೆ ಬೇರಿಂಗನ್ನು ಕಂಪನಿ ಕಾಸು ಕೊಟ್ಟು ಕೊಳ್ಳಬೇಕಾಗುತ್ತದೆ.

ಮನೆಯಲ್ಲಿ ಎಲ್ಲರೂ ಗೆಲುವಿನ ಸುದ್ದಿ ಕೇಳಿ ಉಣ್ಣಲು ಕೂತಿದ್ದರು. ಅಮ್ಮ ಅವಳ ತಟ್ಟೆಗೆ ಎರಡು ಮೊಟ್ಟೆ ಹಾಕಿದ್ದಳು. ಏಣಿ ಕುಳಿತುಕೊಳ್ಳಲಾರದೆ ಗೋಡೆಗೆ ಒರಗಿ ನಿಂತಳು.

“ಒಂದೂವರೆ ವರ್ಷ ಅಂತೆ,” ಎಂದಳು. ಕೇಳಿದ್ದನ್ನೆಲ್ಲ ಹೇಳಿದಳು. “ಈ ಮನೆ ಗೋಡೆ ಮೇಲೆ ನಿಂತಿಲ್ಲಮ್ಮ, ಈ ಕಾಲ ಮೇಲೆ ನಿಂತಿದೆ. ನಾನು ಹೋದ್ರೆ ಹದಿನೈದು ದಿನಕ್ಕೆ ಬೀಳುತ್ತೆ. ಇದ್ರೆ ಒಂದೂವರೆ ವರ್ಷಕ್ಕೆ ಬೀಳುತ್ತೆ. ಆಗ ನನ್ನ ಹತ್ರ ಕಾಲೂ ಇರಲ್ಲ. ಅಣ್ಣ, ಆಗ ನಿನ್ನನ್ನ ಖಾಯಂ ಇಟ್ಕೋತಾರಾ, ಕೇಳಿದ್ಯಾ?”

ಅಣ್ಣ ಬಾಯಿಯ ತುತ್ತನ್ನು ಅಗಿಯುತ್ತಲೇ ಇದ್ದ.

“ಕಾಗದ ಕೊಟ್ರಾ? ಖಾಯಂ ಮಾಡೋ ಕಾಗದ?” ಈ ವಿಷಯದಲ್ಲಿ ಅಪ್ಪ ಮೊದಲ ಬಾರಿ ಬಾಯಿ ಬಿಟ್ಟ.

“ಮಾತು ಕೊಟ್ರು.”

“ಮಾತು,” ಎಂದ ಅಪ್ಪ. “ಮನೆಗೆ ಕಾಗದ, ನಿಂಗೆ ಮಾತು.”

ಅಮ್ಮ ಎದ್ದಳು. ಎಣ್ಣೆಯ ಬಟ್ಟಲು ಒಲೆಯ ಮೇಲಿಟ್ಟಳು. ಬಂದು ಮಗಳನ್ನು ಕೂರಿಸಿ ಬಾತ ಮೊಣಕಾಲನ್ನು ತೊಡೆಯ ಮೇಲಿಟ್ಟುಕೊಂಡಳು. ಆದರೆ ತಿಕ್ಕಲಿಲ್ಲ. ಅಂಗೈ ಇಟ್ಟು ಸುಮ್ಮನೆ ಕೂತಳು.

“ಇಷ್ಟು ಬಿಸಿ ಇದೆ,” ಎಂದಳು. “ಇಷ್ಟು ಬಿಸಿ ಇದ್ದಾಗ ತಿಕ್ಕಬಾರದು ಅಲ್ವಾ. ನಾನು ನಿನ್ನೆ ಕೂಡ ತಿಕ್ಕಿದೆ.”

ಅಣ್ಣ ಕೈ ತೊಳೆದು ಬಂದು, ಯಾರ ಮುಖವನ್ನೂ ನೋಡದೆ, “ಬಸ್ ಸ್ಟ್ಯಾಂಡ್ ಹಿಂದೆ ಒಂದು ರೂಮು ಖಾಲಿ ಇದೆ ಅಂತಿದ್ರು,” ಎಂದ.

ಸೋಮವಾರ ಏಣಿ ಮಿಲ್ಲಿನಿಂದ ಬಿಡುಗಡೆ ಪತ್ರ ತಂದಳು. ಹದಿನೈದು ದಿನವನ್ನು ಕಂಪನಿ ಹದಿನೈದೇ ದಿನವಾಗಿ ಎಣಿಸಿತು. ಹದಿನೈದನೆಯ ದಿನ ಬೆಳಗ್ಗೆ ಲೇಬರ್ ಆಫೀಸರು ಗುಮಾಸ್ತನನ್ನು ಕರೆದುಕೊಂಡು ಮನೆ ನೋಡಲು ಬಂದರು. ಟ್ರಂಕು, ಪಾತ್ರೆ, ಚಾಪೆ ಎಲ್ಲ ವ್ಯಾನಿಗೇರಿದ್ದವು. ಅತ್ತಿಗೆ ಹೊಸ್ತಿಲ ಮೇಲೆ ಕೂತು ಬೆನ್ನು ನೀವಿಕೊಳ್ಳುತ್ತಿದ್ದಳು. ಗುಮಾಸ್ತ ಕಿಟಕಿ, ಬಾಗಿಲು, ತಿರುಪು, ಗೂಟ ಒಂದೊಂದರ ನಂಬರು ಕೂಗಿ ಟಿಕ್ಕು ಹಾಕುತ್ತ ಹಿತ್ತಿಲಿಗೆ ಬಂದ. ಅಪ್ಪ ಸ್ಟೂಲಿನ ಮೇಲೆ ನಿಂತು ಸ್ಪ್ಯಾನರ್ ಹಿಡಿದಿದ್ದ.

“ಅದನ್ನ ಬಿಚ್ಚೋ ಹಾಗಿಲ್ಲ,” ಎಂದರು ಆಫೀಸರು. “ಆಟಗಾರರ ಕ್ವಾರ್ಟರ್ಸಲ್ಲಿರೋ ಆಟದ ಸಾಮಾನು ಕಂಪನಿದು.”

“ಇದು ನಂದು ಸಾರ್. ಗುಜರೀಲಿ ತಂದಿದ್ದು.”

“ರಸೀದಿ ಇದ್ಯಾ?”

“ಗುಜರಿಯೋನು ರಸೀದಿ ಕೊಡ್ತಾನಾ?”

“ಹಾಗಾದ್ರೆ ನಿಂದು ಅನ್ನೋಕೆ ಏನು ಗುರುತು?”

ಅಪ್ಪ ಸ್ಪ್ಯಾನರ್ ಕೆಳಗಿಟ್ಟ. ಸ್ಟೂಲಿನಿಂದ ಇಳಿದ. ಏಣಿ, ಅಣ್ಣ, ಅಮ್ಮ, ಬೇಲಿಯಾಚೆ ನೋಡಲು ನಿಂತಿದ್ದ ನಾಲ್ಕಾರು ಮನೆಯವರು, ಎಲ್ಲರ ಮೇಲೂ ಒಮ್ಮೆ ಕಣ್ಣಾಡಿಸಿ ಜೇಬಿನಿಂದ ಟೇಪು ತೆಗೆದು ಗುಮಾಸ್ತನ ಕೈಗೆ ಕೊಟ್ಟ.

“ಅಳೆಯಪ್ಪ.”

“ಯಾಕೆ?”

“ಅಳಿ. ಕಂಪನಿ ಅಂಗಳದಲ್ಲಿ ಆರು ರಿಂಗಿದೆ, ಎಲ್ಲಾ ಹತ್ತಡಿ. ನಾನೇ ನಿಂತು ಹಾಕ್ಸಿದ್ದು, ಒಂದು ಕೂದಲೆಳೆ ಆಚೀಚೆ ಇಲ್ಲ. ಇದು ಹತ್ತಡಿ ನಾಲ್ಕಿಂಚು. ಹೊಸಾ ಟೇಪಲ್ಲಿ ಹಳೇ ಲೆಕ್ಕ ಹಿಡಿದು ತಪ್ಪು ಅಳೆದೆ. ಇಡೀ ಊರಲ್ಲಿ ಈ ತಪ್ಪು ಮಾಡಿರೋನು ನಾನೊಬ್ಬನೇ. ತಪ್ಪು ನಂದಾದ ಮೇಲೆ ವಸ್ತೂನೂ ನಂದೇ.”

ಗುಮಾಸ್ತ ಅಳೆದ. ಬೇಲಿಯಾಚೆ ಯಾರೋ ಕಿಸಕ್ಕೆಂದರು. ಅಪ್ಪ ಅತ್ತ ತಿರುಗಲಿಲ್ಲ. ಆಫೀಸರು ಗಡಿಯಾರ ನೋಡಿಕೊಂಡು, “ಒಯ್ಯಿ ಮಹಾರಾಯ,” ಎಂದರು. ಆಮೇಲೆ ಗುಮಾಸ್ತನಿಗೆ, “ಗೋಡೆಗೆ ನಾಲ್ಕು ತೂತು. ಅದನ್ನ ಇವಳ ಕೊನೇ ಸಂಬಳದಲ್ಲಿ ಹಿಡಿದುಬಿಡು,” ಎಂದರು.

ಬಸ್ ಸ್ಟ್ಯಾಂಡ್ ಹಿಂದಿನ ರೂಮು ಒಂದೇ ರೂಮು. ಮಹಡಿ ಮೆಟ್ಟಿಲ ಕೆಳಗಿನ ಜಾಗವಾದ್ದರಿಂದ ಮಾಳಿಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಳಿಯುತ್ತ ಹೋಗುತ್ತಿತ್ತು. ಏಣಿಗೆ ಬಾಗಿಲ ಬಳಿ ಮಾತ್ರ ನೆಟ್ಟಗೆ ನಿಲ್ಲಲು ಬರುತ್ತಿತ್ತು. ನೀರಿಗೆ ಮೂರು ಮನೆ ದಾಟಿ ಹೋಗಬೇಕು. ಅತ್ತಿಗೆ ಒಳಗೆ ಬಂದು ಸುತ್ತ ನೋಡಿ, ಹೊಟ್ಟೆಯ ಮೇಲೆ ಕೈಯಿಟ್ಟು, “ಇವನಾದ್ರೂ ಗಿಡ್ಡ ಹುಟ್ಟಲಿ,” ಎಂದಳು. ಯಾರೂ ನಗಲಿಲ್ಲ. ಅವಳೂ ನಗಲಿಲ್ಲ. ಅಣ್ಣ ವ್ಯಾನು ಹಿಂತಿರುಗಿಸಲು ಹೋದವನು ತಡಮಾಡಿ ಬಂದ. ಗುತ್ತಿಗೆ ತಿಂಗಳ ಕೊನೆಗೆ ಮುಗಿಯುತ್ತದೆಂದು ಹೇಳಿದರಂತೆ.

ಅಪ್ಪ ಅಭ್ಯಾಸಬಲದಿಂದ ಟೇಪು ಹಿಡಿದು ಬಾಗಿಲ ಬಳಿಯ ಗೋಡೆಯ ಎತ್ತರ ಅಳೆದ.

“ಎಷ್ಟಿದೆ ಅಪ್ಪ?”

“ಎಂಟಡಿ. ಏನೂ ಸೇರಿಸಿಲ್ಲ,” ಎಂದು ರಿಂಗನ್ನು ಟ್ರಂಕಿನ ಹಿಂದೆ ನಿಲ್ಲಿಸಿದ.

ಮರುದಿನ ಮಧ್ಯಾಹ್ನ ಅವಳ ಬಸ್ಸು. ಕ್ಲಬ್ಬಿನವರು ಕಳಿಸಿದ ಕರಾರು ನಾಲ್ಕು ಹಾಳೆ. ಕೋಚಮ್ಮ ‘ಓದಿ ರುಜು ಹಾಕಿ ತಾ’ ಎಂದು ಬರೆದಿದ್ದಳು. ಏಣಿ ಬಾಗಿಲ ಬೆಳಕಿನಲ್ಲಿ ಕೂತು ಒಂದೊಂದೇ ಹಾಳೆ ತಿರುವಿದಳು. ಮೂರನೆಯ ಹಾಳೆಯಲ್ಲಿ ಅವಳ ಬೆರಳು ನಿಂತಿತು.

ಅಮ್ಮ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. “ಏನು ಬರ್ದಿದಾರೆ?” ಎಂದಳು.

“ಆಟದ ಬಗ್ಗೆ.”

“ಆಟದ ಬಗ್ಗೆ ಅಲ್ಲ. ಇರೋಕೆ ಜಾಗದ ಬಗ್ಗೆ ಏನು ಬರ್ದಿದಾರೆ?”

ಏಣಿ ಓದಿದಳು: “‘ಆಟಗಾರ್ತಿಯು ಕ್ಲಬ್ಬಿನ ತಂಡದ ಪರವಾಗಿ ಆಡಲು ಶಕ್ತಳಾಗಿರುವವರೆಗೆ ಮಾತ್ರ ಈ ವಸತಿ.’”

ಅಮ್ಮನ ತುಟಿಗಳು ಆ ಮಾತುಗಳ ಜೊತೆಗೇ ಆಡಿದವು. ಅವಳು ಕೇಳುತ್ತಿರಲಿಲ್ಲ, ಹೇಳುತ್ತಿದ್ದಳು.

ಏಣಿ ರುಜು ಹಾಕಿದಳು. ಅಮ್ಮ ಎಣ್ಣೆಯ ಸೀಸೆಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಸೋರದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಟ್ಟೆಗಳ ನಡುವೆ ಇಟ್ಟಳು.

“ಬಿಸಿ ಇದ್ದಾಗ ತಿಕ್ಕಬೇಡ,” ಎಂದಳು.